ಬೆರಳು ಸುಮ್ಮನಿರಲಿ, ಅಷ್ಟರಲ್ಲಿ ಇಳಿಯುವುದನ್ನು ಕಲಿಯಿರಿ

ಪ್ರಶ್ನೆ: ನನಗೆ 44 ವರ್ಷ, ಬೆಂಗಳೂರಿನಲ್ಲಿ ಸರ್ಕಾರಿ ಕಚೇರಿಯಲ್ಲಿ ಕೆಲಸ. ಕಳೆದ ವರ್ಷ ಅಪ್ಪ ಹೋದ ಮೇಲೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಮಗಳನ್ನು ಕ್ಲೈಂಬಿಂಗ್ ತರಗತಿಗೆ ಬಿಡಲು ಹೋಗುತ್ತಿದ್ದವಳು ನಾನೂ ಹತ್ತತೊಡಗಿದೆ. ಎಂಟು ತಿಂಗಳಾಯಿತು, ವಾರಕ್ಕೆ ಮೂರು ಸಂಜೆ ಹೋಗುತ್ತೇನೆ. ಗೋಡೆಯ ಮೇಲಿದ್ದಾಗ ಮಾತ್ರ ತಲೆಯಲ್ಲಿ ಬೇರೇನೂ ಇರುವುದಿಲ್ಲ. ಟಾಪ್ ರೋಪ್‌ನಲ್ಲಿ, ಅಂದರೆ ಮೇಲಿಂದ ಇಳಿಬಿಟ್ಟ ಹಗ್ಗ ಕಟ್ಟಿಕೊಂಡು, 6ಎ ದರ್ಜೆಯ ದಾರಿಗಳವರೆಗೆ ಹತ್ತುತ್ತೇನೆ. ಮೂರು ವಾರದಿಂದ ಬಲಗೈ ಉಂಗುರದ ಬೆರಳಿನ ಬುಡದಲ್ಲಿ ನೋವು, ಸಣ್ಣ ಅಂಚು ಹಿಡಿದಾಗ ಚುಚ್ಚುತ್ತದೆ. ಡಿಸೆಂಬರ್ ಕೊನೆಗೆ ಇಬ್ಬರು ಸಹೋದ್ಯೋಗಿಗಳ ಜೊತೆ, 13ರ ಮಗಳನ್ನೂ ಕರೆದುಕೊಂಡು ಬಾದಾಮಿಗೆ ಹೋಗಿ ಬಂಡೆಯ ಮೇಲೆ ಲೀಡ್, ಅಂದರೆ ಕೆಳಗಿನಿಂದ ಹಗ್ಗವನ್ನು ನಾನೇ ಬೋಲ್ಟ್‌ಗಳಿಗೆ ಸಿಕ್ಕಿಸುತ್ತ, ಹತ್ತುವ ಆಸೆ. ಸಹೋದ್ಯೋಗಿಗಳಲ್ಲೊಬ್ಬರು 78 ಕೆ.ಜಿ., ನಾನು 52. ಮನೆಯಲ್ಲಿ ಎಲ್ಲರೂ ನಿಲ್ಲಿಸು ಅನ್ನುತ್ತಿದ್ದಾರೆ. ನಿಲ್ಲಿಸಬೇಕೇ? ಹೋಗುವುದಾದರೆ ಏನೇನು ಕಲಿತಿರಬೇಕು?

ಉತ್ತರ: ನಿಲ್ಲಿಸಬೇಡಿ. ಬೆರಳಿಗೆ ಮಾತ್ರ ಆರು ವಾರ ಬಿಡುವು ಕೊಡಿ, ಸಂಜೆಗಳಿಗೆ ಬಿಡುವು ಕೊಡಬೇಡಿ. ಈಗ ಅಕ್ಟೋಬರ್ ಮೊದಲ ವಾರ, ಡಿಸೆಂಬರ್ ಕೊನೆಗೆ ಇನ್ನೂ ಹನ್ನೆರಡು ವಾರವಿದೆ. ಬೆರಳು ಮಾಯಲು ಬೇಕಾದ ಆರು ವಾರದಲ್ಲೇ ಬಾದಾಮಿಗೆ ಬೇಕಾದ ಮುಖ್ಯ ಪಾಠವನ್ನು ಕಲಿತು ಮುಗಿಸಬಹುದು. ಆ ಪಾಠ ಹತ್ತುವುದರದ್ದಲ್ಲ, ಇಳಿಯುವುದರದ್ದು. ಒಳಾಂಗಣ ಗೋಡೆಯಲ್ಲಿ ಎಂಟು ತಿಂಗಳು ಕಳೆದವರಿಗೆ ಹತ್ತಲು ಬರುತ್ತದೆ. ಬಂಡೆಯ ತುದಿಯಿಂದ ತಾವೇ ಸುರಕ್ಷಿತವಾಗಿ ಕೆಳಗೆ ಬರಲು ಹೆಚ್ಚಿನವರಿಗೆ ಬರುವುದಿಲ್ಲ, ಏಕೆಂದರೆ ಗೋಡೆಯಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ.

ಮೊದಲು ಬೆರಳು. ಬೆರಳನ್ನು ಮಡಚುವ ಸ್ನಾಯು ಇರುವುದು ಮುಂಗೈಯಲ್ಲಿ. ಅಲ್ಲಿಂದ ಸ್ನಾಯುರಜ್ಜು ಬೆರಳಿನ ಒಳಮೈ ಉದ್ದಕ್ಕೂ ತುದಿಯವರೆಗೆ ಹೋಗುತ್ತದೆ. ಪ್ಯಾಂಟಿನ ಬೆಲ್ಟು ಜಾರದಂತೆ ಲೂಪುಗಳು ಹಿಡಿದಿರುತ್ತವಲ್ಲ, ಹಾಗೆ ಈ ರಜ್ಜುವನ್ನು ಮೂಳೆಗೆ ಅಂಟಿಕೊಂಡಿರುವಂತೆ ಹಿಡಿಯುವ ಗಟ್ಟಿ ಪಟ್ಟಿಗಳಿವೆ. ವೈದ್ಯರು ಅವನ್ನು ಪುಲ್ಲಿ ಎನ್ನುತ್ತಾರೆ, ಎ1ರಿಂದ ಎ5ರವರೆಗೆ ಹೆಸರಿಟ್ಟಿದ್ದಾರೆ. ಎ2 ಇರುವುದು ಬೆರಳಿನ ಮೊದಲ ಮೂಳೆಯ ಮೇಲೆ, ಅಂದರೆ ಅಂಗೈಗೆ ಸೇರುವ ಗೆರೆಗೂ ನಡುಗೆಣ್ಣಿಗೂ ಮಧ್ಯೆ. ಕ್ಲೈಂಬರ್‌ಗಳಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ಇದೇ, ಅದರಲ್ಲೂ ಉಂಗುರದ ಬೆರಳಿನದು. ಸಣ್ಣ ಅಂಚನ್ನು ಹಿಡಿಯುವಾಗ ನಡುಗೆಣ್ಣು ಚೂಪಾಗಿ ಮಡಚಿ, ತುದಿಗೆಣ್ಣು ಹಿಂದಕ್ಕೆ ಬಾಗುತ್ತದೆ. ಇದು ಕ್ರಿಂಪ್ ಹಿಡಿತ. ಆ ಭಂಗಿಯಲ್ಲಿ ರಜ್ಜು ಮೂಳೆಯಿಂದ ಎದ್ದು ಬರಲು ನೋಡುತ್ತದೆ, ಎ2 ಅದನ್ನು ತಡೆಯುತ್ತದೆ. ಬೆರಳ ತುದಿಯಲ್ಲಿ ನೀವು ಹಾಕುವ ಬಲದ ಹಲವು ಪಟ್ಟು ಆ ಪಟ್ಟಿಯ ಮೇಲೆ ಬೀಳುತ್ತದೆ.

ಎಂಟನೆಯ ತಿಂಗಳಲ್ಲೇ ಇದು ಕಾಣಿಸಿಕೊಳ್ಳುವುದಕ್ಕೂ ಕಾರಣವಿದೆ. ಸ್ನಾಯು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತದೆ. ರಕ್ತ ಸಂಚಾರ ಕಡಿಮೆ ಇರುವ ರಜ್ಜು, ಪುಲ್ಲಿಗಳು ಗಟ್ಟಿಯಾಗಲು ವರ್ಷಗಟ್ಟಲೆ ಹಿಡಿಯುತ್ತದೆ. ಮೊದಲ ವರ್ಷದಲ್ಲಿ ತೋಳಿಗೆ ಬಂದ ಶಕ್ತಿಯನ್ನು ತಾಳುವ ಬಲ ಬೆರಳಿಗೆ ಇನ್ನೂ ಬಂದಿರುವುದಿಲ್ಲ. ನೀವು ತಪ್ಪು ಮಾಡಿದ್ದೀರಿ ಅಂತಲ್ಲ, ಬೇಗ ಕಲಿತಿದ್ದೀರಿ ಅಷ್ಟೇ.

ಈಗ ನೀವೇ ಒಂದು ಪರೀಕ್ಷೆ ಮಾಡಿ. ಬಲಗೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲಿಡಿ. ಎಡಗೈ ಹೆಬ್ಬೆರಳಿಂದ ಉಂಗುರದ ಬೆರಳಿನ ಮೊದಲ ಮೂಳೆಯ ಒಳಮೈಯನ್ನು ಅರ್ಧರ್ಧ ಸೆಂಟಿಮೀಟರ್ ಸರಿಯುತ್ತ ಒತ್ತುತ್ತ ಹೋಗಿ. ನೋವು ಅಲ್ಲೇ ಒಂದು ಕಡೆ ಚುಚ್ಚಿದಂತೆ ಸಿಕ್ಕರೆ ಎ2 ಎಳೆತ ಎಂದುಕೊಳ್ಳಬಹುದು. ನೋವು ಇನ್ನೂ ಕೆಳಗೆ, ಅಂಗೈಯಲ್ಲೇ, ಬೆರಳು ಶುರುವಾಗುವ ಗಂಟಿನ ಬಳಿ ಇದ್ದರೆ, ಬೆಳಗ್ಗೆ ಎದ್ದಾಗ ಬೆರಳು ಸಿಕ್ಕಿಹಾಕಿಕೊಂಡು ಆಮೇಲೆ ಟಕ್ ಎಂದು ಬಿಡಿಸಿಕೊಂಡರೆ, ಅದು ಬೇರೆ ಕಾಯಿಲೆ. ಅದಕ್ಕೆ ಟ್ರಿಗರ್ ಫಿಂಗರ್ ಎನ್ನುತ್ತಾರೆ. ನಲವತ್ತು ದಾಟಿದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಅದರ ಚಿಕಿತ್ಸೆಯೇ ಬೇರೆ, ಒಮ್ಮೆ ರಕ್ತದ ಸಕ್ಕರೆಯನ್ನೂ ನೋಡಿಸಿಕೊಳ್ಳಿ.

ಹಿಡಿದ ಹೊತ್ತಿನಲ್ಲಿ ಪಟ್ ಎಂದು ಸದ್ದು ಕೇಳಿಸಿದ್ದರೆ, ಬೆರಳು ಊದಿಕೊಂಡು ಕಪ್ಪಾಗಿದ್ದರೆ, ಅಥವಾ ಮಡಚಿದಾಗ ರಜ್ಜು ಬಿಲ್ಲಿನ ಹೆದೆಯಂತೆ ಚರ್ಮವನ್ನು ಎತ್ತಿ ನಿಲ್ಲುತ್ತಿದ್ದರೆ ನನ್ನ ಲೆಕ್ಕಾಚಾರ ಬೇಡ. ಕೈ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ವೈದ್ಯರ ಬಳಿ ಹೋಗಿ ಅಲ್ಟ್ರಾಸೌಂಡ್ ಮಾಡಿಸಿ. ಒಂದೇ ಪುಲ್ಲಿ ಹರಿದಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಒಂದಕ್ಕಿಂತ ಹೆಚ್ಚು ಹರಿದಿದ್ದರೆ ಬೇಕಾಗಬಹುದು, ಅದಕ್ಕೆ ತಡ ಮಾಡಬಾರದು. ನಿಮ್ಮ ವಿವರಣೆಯಲ್ಲಿ ಇವ್ಯಾವುವೂ ಇಲ್ಲವಾದ್ದರಿಂದ ಸಣ್ಣ ಎಳೆತ ಎಂದುಕೊಂಡು ಮುಂದಿನದನ್ನು ಬರೆಯುತ್ತಿದ್ದೇನೆ. ಹತ್ತು ದಿನದಲ್ಲಿ ಒಂದಿಷ್ಟೂ ಕಡಿಮೆಯಾಗದಿದ್ದರೂ ವೈದ್ಯರಿಗೆ ತೋರಿಸಿ.

ಮೊದಲ ಎರಡು ವಾರ ಆ ಕೈಯಿಂದ ಯಾವ ಹೋಲ್ಡನ್ನೂ, ಅಂದರೆ ಗೋಡೆಯ ಹಿಡಿಯನ್ನೂ, ಎಳೆಯಬೇಡಿ. ದಿನಕ್ಕೆ ಮೂರ್ನಾಲ್ಕು ಬಾರಿ ಬೆಚ್ಚಗಿನ ನೀರಲ್ಲಿ ಕೈಯಿಟ್ಟು ನಿಧಾನವಾಗಿ ಮುಷ್ಟಿ ಕಟ್ಟಿ ಬಿಡಿಸುವುದು, ಹತ್ತು ಸಲ, ಬಲ ಹಾಕದೆ. ಸುಮ್ಮನೆ ಕಟ್ಟಿಟ್ಟರೆ ಬೆರಳು ಬಿಗಿಯುತ್ತದೆ, ಹಾಗೆ ಮಾಡಬೇಡಿ. ಮೂರು, ನಾಲ್ಕನೆಯ ವಾರ ಇಡೀ ಕೈ ಹಿಡಿಯುವಷ್ಟು ದೊಡ್ಡ ಹೋಲ್ಡ್‌ಗಳಿರುವ ಸುಲಭದ ದಾರಿಗಳನ್ನು ಹತ್ತಿ, ಅದೂ ಗೋಡೆ ನಿಮ್ಮಿಂದ ಆಚೆಗೆ ಇಳಿಜಾರಾಗಿ ವಾಲಿರುವ ಕಡೆ, ಭಾರವೆಲ್ಲ ಕಾಲ ಮೇಲೆ ಇರುವಂತೆ. ಐದನೆಯ ವಾರದಿಂದ ಎರಡು ಸೆಂಟಿಮೀಟರ್‌ಗಿಂತ ಅಗಲದ ಅಂಚುಗಳನ್ನು ಬೆರಳು ಚಾಚಿಕೊಂಡೇ ಹಿಡಿಯಿರಿ, ಮಡಚಿ ಹಿಡಿಯಬೇಡಿ. ಹತ್ತರಲ್ಲಿ ಎರಡರಷ್ಟು ನೋವು ಬಂದರೆ ಸರಿ. ಅದು ಮೂರಕ್ಕೆ ಏರಿದರೆ, ಅಥವಾ ಮರುದಿನ ಬೆಳಗ್ಗೆ ಹೆಚ್ಚಾಗಿದ್ದರೆ, ಒಂದು ಮೆಟ್ಟಿಲು ಹಿಂದೆ ಹೋಗಿ. ಪೂರ್ತಿ ಕ್ರಿಂಪ್ ಹಿಡಿತವನ್ನು ಹೊಸ ವರ್ಷದವರೆಗೂ ಮರೆತುಬಿಡಿ. ಬಾದಾಮಿಯಲ್ಲೂ ಬೇಡ. ನೋವಿನ ಮಾತ್ರೆ ನುಂಗಿ ಹತ್ತುವುದಂತೂ ಬೇಡವೇ ಬೇಡ, ಬೆರಳು ಕೊಡುವ ಎಚ್ಚರಿಕೆ ನಿಮಗೆ ತಲುಪುವುದೇ ಇಲ್ಲ.

ಟೇಪ್ ಸುತ್ತುವುದು ಮೂರನೆಯ ವಾರದಿಂದ ಸ್ವಲ್ಪ ಆಸರೆ ಕೊಡುತ್ತದೆ. ಒಂದೂವರೆ ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದದ ಹಿಗ್ಗದ ಟೇಪ್ ತೆಗೆದುಕೊಳ್ಳಿ. ಎರಡೂ ತುದಿಯಿಂದ ಉದ್ದಕ್ಕೆ ಸೀಳಿ, ನಡುವೆ ಒಂದು ಸೆಂಟಿಮೀಟರ್ ಮಾತ್ರ ಸೀಳದೆ ಬಿಡಿ. ಆ ನಡುಭಾಗ ನಡುಗೆಣ್ಣಿನ ಒಳಮೈ ಮೇಲೆ ಕೂರಬೇಕು. ಕೆಳಗಿನ ಎರಡು ಪಟ್ಟಿಯನ್ನು ಮೊದಲ ಮೂಳೆಯ ಸುತ್ತ, ಆಮೇಲೆ ಬೆರಳನ್ನು ಅರ್ಧ ಮಡಚಿಕೊಂಡು ಮೇಲಿನ ಎರಡನ್ನು ಎರಡನೆಯ ಮೂಳೆಯ ಸುತ್ತ ಬಿಗಿಯಿರಿ. ಬೆರಳ ತುದಿ ನೀಲಿಯಾದರೆ ಬಿಗಿ ಜಾಸ್ತಿಯಾಯಿತು. ಟೇಪ್ ಇದೆ ಅಂತ ಸಣ್ಣ ಹೋಲ್ಡ್ ಹಿಡಿಯಲು ಹೋಗಬೇಡಿ, ಹರಿಯುವ ಪುಲ್ಲಿಯನ್ನು ಅದು ತಡೆಯುವುದಿಲ್ಲ.

ಮನೆಯವರ ಮಾತಿಗೆ ಬರೋಣ. ಅವರ ಕಣ್ಣಿಗೆ ಬಂಡೆ ಹತ್ತುವುದೆಂದರೆ ಚಿತ್ರದುರ್ಗದ ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರ ವಿಡಿಯೊ. ಅದನ್ನು ನೋಡಿದ ಯಾರಿಗಾದರೂ ಎದೆ ಝಲ್ ಎನ್ನದೆ ಇರುತ್ತದೆಯೇ? ನೀವು ಮಾಡಲು ಹೊರಟಿರುವುದು ಸ್ಪೋರ್ಟ್ ಕ್ಲೈಂಬಿಂಗ್. ಬಂಡೆಗೆ ಮೊದಲೇ ಕೊರೆದು ಕೂರಿಸಿದ ಬೋಲ್ಟ್‌ಗಳಿಗೆ ಹಗ್ಗ ಸಿಕ್ಕಿಸುತ್ತ ಹೋಗುವುದು, ಬಿದ್ದರೆ ಹಗ್ಗ ಹಿಡಿಯುತ್ತದೆ. ಒಂದು ಸಂಜೆ ಮನೆಯವರನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ನೀವು ಬೀಳುವುದನ್ನೂ ಹಗ್ಗ ಹಿಡಿಯುವುದನ್ನೂ ಅವರೇ ನೋಡಲಿ. ವಾದ ಮಾಡುವುದಕ್ಕಿಂತ ಇದು ಒಳ್ಳೆಯದು. ಆ ಸಂಜೆಗಳು ನಿಮಗೆ ನಿದ್ದೆ ಕೊಟ್ಟಿವೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಂದಿನ ಹಿಡಿಗೆ ಕೈ ಹಾಕುವಾಗ ಮನಸ್ಸು ಬೇರೆಲ್ಲೂ ಹೋಗಲಾಗದು. ದುಃಖದಲ್ಲಿದ್ದವರು ಈ ಆಟಕ್ಕೆ ಬಂದು ಉಳಿದುಕೊಳ್ಳುವುದು ಅದಕ್ಕೇ. ಹತ್ತದ ದಿನವೂ ಅಲ್ಲಿಗೆ ಹೋಗಲು ನಿಮಗೊಂದು ಕೆಲಸ ಬೇಕು, ಆ ಕೆಲಸ ಈಗ ಹೇಳುತ್ತೇನೆ.

ಒಳಾಂಗಣ ಗೋಡೆಯಲ್ಲಿ ಹಗ್ಗ ಮೇಲಿಂದಲೇ ಇಳಿಬಿದ್ದಿರುತ್ತದೆ. ತುದಿ ಮುಟ್ಟಿ ‘ಟೇಕ್’ (ಹಗ್ಗ ಬಿಗಿ ಮಾಡಿ) ಅಂದರೆ ಕೆಳಗೆ ಬಿಲೇ ಹಿಡಿದವರು, ಅಂದರೆ ನಿಮ್ಮ ಹಗ್ಗದ ಇನ್ನೊಂದು ಬದಿ ಹಿಡಿದು ಕಾಯುವವರು, ಇಳಿಸುತ್ತಾರೆ. ಬಂಡೆಯಲ್ಲಿ ಮೊದಲು ಲೀಡ್ ಹತ್ತಿದವರು ತುದಿಯ ಆ್ಯಂಕರ್‌ಗೆ, ಅಂದರೆ ಅಲ್ಲಿನ ಜೋಡಿ ಬೋಲ್ಟ್‌ಗೆ, ಎರಡು ಕ್ವಿಕ್‌ಡ್ರಾ (ಗಟ್ಟಿ ಪಟ್ಟಿಯ ಎರಡೂ ತುದಿಗೆ ಕೊಂಡಿ ಇರುವ ಸಾಧನ) ಹಾಕಿ ಇಳಿದು ಬರುತ್ತಾರೆ. ಉಳಿದವರು ಟಾಪ್ ರೋಪ್‌ನಲ್ಲಿ ಹತ್ತುತ್ತಾರೆ. ಕೊನೆಯಲ್ಲಿ ಹತ್ತಿದವರು ಆ ಕ್ವಿಕ್‌ಡ್ರಾಗಳನ್ನು ಬಿಡಿಸಿಕೊಂಡು, ಬೋಲ್ಟ್‌ಗಳಿಗೆ ಕಾಯಂ ಕೂಡಿಸಿದ ಉಕ್ಕಿನ ಬಳೆಗಳೊಳಗೆ ಹಗ್ಗ ತೂರಿಸಿ ಇಳಿಯಬೇಕು. ಇದಕ್ಕೆ ಆ್ಯಂಕರ್ ಕ್ಲೀನಿಂಗ್ ಎನ್ನುತ್ತಾರೆ. ಕಷ್ಟದ ಹಿಡಿತವೆಲ್ಲ ಮುಗಿದು ಮನಸ್ಸು ಸಡಿಲಾದ ಹೊತ್ತಿನಲ್ಲಿ, ನೆಲದಿಂದ ಏಳೆಂಟು ಮಹಡಿಯೆತ್ತರದಲ್ಲಿ, ಕಟ್ಟಿದ ಗಂಟನ್ನು ಬಿಚ್ಚುವ ಕೆಲಸ ಇದು. ಕ್ಲೈಂಬಿಂಗ್‌ನ ದೊಡ್ಡ ಅವಘಡಗಳಲ್ಲಿ ಎಷ್ಟೋ ಇಲ್ಲೇ ಆಗುತ್ತವೆ.

ಕ್ರಮ ಹೀಗೆ. ನೆಲದಲ್ಲೇ 120 ಸೆಂಟಿಮೀಟರ್ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) ಒಂದನ್ನು ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಹಾರ್ನೆಸ್‌ಗೆ ಬಿಗಿದು, ತುದಿಗೆ ಲಾಕಿಂಗ್ ಕ್ಯಾರಬೈನರ್ (ಬಾಯಿಗೆ ಲಾಕ್ ಇರುವ ಲೋಹದ ಕೊಂಡಿ) ಹಾಕಿಕೊಂಡಿರಿ. ಇನ್ನೊಂದು ಲಾಕಿಂಗ್ ಕ್ಯಾರಬೈನರ್ ಬಿಡಿಯಾಗಿ ಸೊಂಟದಲ್ಲಿರಲಿ. ತುದಿ ಮುಟ್ಟಿದಾಗ ಸ್ಲಿಂಗನ್ನು ಒಂದು ಬೋಲ್ಟ್‌ಗೆ ಸಿಕ್ಕಿಸಿ ಲಾಕ್ ತಿರುಗಿಸಿ. ನಿಮ್ಮ ಹಗ್ಗ ಇನ್ನೂ ಕ್ವಿಕ್‌ಡ್ರಾಗಳಲ್ಲೇ ಇದೆ, ಕೆಳಗಿನವರು ಇನ್ನೂ ಬಿಲೇ ಹಿಡಿದೇ ಇದ್ದಾರೆ. ಈಗ ಸ್ವಲ್ಪ ಹಗ್ಗ ಸಡಿಲ ಕೇಳಿ. ನಿಮ್ಮ ಸೊಂಟದ ಗಂಟಿಗೂ ಕ್ವಿಕ್‌ಡ್ರಾಗೂ ನಡುವಿನ ಹಗ್ಗವನ್ನು ಜೋಡಿಯಾಗಿ ಮಡಚಿ, ಆ ಮಡಿಕೆಯನ್ನು ಎರಡೂ ಬಳೆಗಳೊಳಗೆ ತೂರಿಸಿ. ಆಚೆ ಬಂದ ಮಡಿಕೆಗೆ ಫಿಗರ್ ಎಯ್ಟ್ ಗಂಟು ಹಾಕಿ, ಬಿಡಿ ಕ್ಯಾರಬೈನರ್‌ನಿಂದ ಹಾರ್ನೆಸ್‌ನ ಬಿಲೇ ಲೂಪಿಗೆ ಸಿಕ್ಕಿಸಿ ಲಾಕ್ ಮಾಡಿ. ಲಾಕನ್ನು ಹಿಂಡಿ ನೋಡಿ, ಬಾಯಿ ತೆರೆಯಬಾರದು. ಇದಾದ ಮೇಲೆ ಮಾತ್ರ ಮೊದಲು ಕಟ್ಟಿದ ಗಂಟನ್ನು ಬಿಚ್ಚಿ, ಬಿಚ್ಚಿದ ತುದಿಯನ್ನು ಬಳೆಯಿಂದ ಎಳೆದುಕೊಳ್ಳಿ. ‘ಟೇಕ್’ ಎನ್ನಿ. ಸ್ಲಿಂಗ್ ಪೂರ್ತಿ ಜೋತುಬೀಳುವಂತೆ ನಿಮ್ಮ ಇಡೀ ಭಾರವನ್ನು ಹಗ್ಗದ ಮೇಲೆ ಬಿಡಿ. ಬಳೆ, ಹಗ್ಗ, ಗಂಟು, ಕ್ಯಾರಬೈನರ್, ಈ ನಾಲ್ಕರ ಮೇಲೂ ಒಮ್ಮೆ ಕಣ್ಣು ಹಾಯಿಸಿ. ಕ್ವಿಕ್‌ಡ್ರಾಗಳನ್ನು ತೆಗೆಯಿರಿ. ಸ್ಲಿಂಗ್ ತೆಗೆಯುವುದು ಕೊಟ್ಟಕೊನೆಗೆ.

ಈ ವಿಧಾನದ ಹೆಚ್ಚುಗಾರಿಕೆ ಏನೆಂದರೆ ಒಂದು ಕ್ಷಣವೂ ನೀವು ಬಿಲೇ ತಪ್ಪಿ ಇರುವುದಿಲ್ಲ, ಹಗ್ಗ ಕೈಜಾರಿ ಕೆಳಗೆ ಬೀಳುವ ಭಯವೂ ಇಲ್ಲ. ಬಳೆ ಚಿಕ್ಕದಿದ್ದು ಮಡಿಕೆ ತೂರದಿದ್ದರೆ ಬೇರೆ ಕ್ರಮವಿದೆ. ಎರಡೂ ಬೋಲ್ಟ್‌ಗೆ ಸ್ಲಿಂಗ್ ಸಿಕ್ಕಿಸಿಕೊಂಡು, ಒಂದು ಮೀಟರ್ ಹಗ್ಗ ಮೇಲೆಳೆದು ಅದಕ್ಕೊಂದು ಗಂಟು ಹಾಕಿ ಹಾರ್ನೆಸ್‌ಗೆ ಸಿಕ್ಕಿಸಿಟ್ಟು, ಆಮೇಲೆ ಸೊಂಟದ ಗಂಟು ಬಿಚ್ಚಿ, ತುದಿಯನ್ನು ಬಳೆಯಲ್ಲಿ ತೂರಿಸಿ ಮತ್ತೆ ಕಟ್ಟಿಕೊಳ್ಳಬೇಕು. ಎರಡನ್ನೂ ಕಲಿಯಿರಿ.

ಇಲ್ಲಿ ಕೆಡುವುದು ಹೆಚ್ಚಾಗಿ ಮಾತಿನಿಂದ. ಮೇಲಿದ್ದವರು ಸ್ಲಿಂಗ್ ಹಾಕಿಕೊಂಡು ‘ಆಫ್ ಬಿಲೇ’ (ಇನ್ನು ಹಗ್ಗ ಹಿಡಿಯಬೇಕಿಲ್ಲ) ಅಂದುಬಿಡುತ್ತಾರೆ. ಕೆಳಗಿದ್ದವರು, ಓಹೋ, ರಾಪೆಲ್ ಮಾಡಿಕೊಂಡು, ಅಂದರೆ ಹಗ್ಗ ಹಿಡಿದು ತಾವೇ ಇಳಿದುಕೊಂಡು, ಬರುತ್ತಾರೆ ಎಂದುಕೊಂಡು ಹಗ್ಗವನ್ನು ತಡೆದು ಹಿಡಿಯುವ ಬಿಲೇ ಡಿವೈಸ್‌ನಿಂದ ಹಗ್ಗ ತೆಗೆಯುತ್ತಾರೆ. ಮೇಲಿದ್ದವರು ತೂರಿಸಿ ಮುಗಿಸಿ, ಇಳಿಸುತ್ತಾರೆ ಎಂಬ ನಂಬಿಕೆಯಿಂದ ಹಿಂದಕ್ಕೆ ವಾಲುತ್ತಾರೆ. ಹಿಡಿಯಲು ಯಾರೂ ಇಲ್ಲ. ಅದಕ್ಕೆ ನೆಲ ಬಿಡುವ ಮುನ್ನವೇ ಒಬ್ಬರಿಗೊಬ್ಬರು ಹೇಳಿಕೊಳ್ಳಿ: ‘ನಾನು ಇಳಿಸಿಕೊಂಡೇ ಬರುವುದು, ರಾಪೆಲ್ ಇಲ್ಲ, ನನ್ನ ಕಾಲು ನೆಲ ಮುಟ್ಟುವವರೆಗೆ ಹಗ್ಗ ತೆಗೆಯಬೇಡಿ.’ ‘ಆಫ್ ಬಿಲೇ’ ಎಂಬ ಮಾತನ್ನೇ ಆ ದಿನ ಬಳಸಬೇಡಿ. ಪ್ರತಿ ಕೂಗಿಗೂ ಹೆಸರು ಸೇರಿಸಿ. ಪಕ್ಕದ ರೂಟ್‌ನಲ್ಲಿ ಇನ್ನೊಂದು ತಂಡ ಇರುತ್ತದೆ, ಅವರ ‘ಟೇಕ್’ಗೆ ನಿಮ್ಮವರು ಹಗ್ಗ ಎಳೆದ ಪ್ರಸಂಗ ಅಪರೂಪವೇನಲ್ಲ.

ಇದನ್ನೆಲ್ಲ ಕಲಿಯಲು ಬಂಡೆ ಬೇಡ, ಬೆರಳೂ ಬೇಡ. ಗೋಡೆಯ ತಳದಲ್ಲಿ, ಎದೆಯೆತ್ತರದ ಎರಡು ಬೋಲ್ಟ್‌ಗೆ ಎರಡು ಬಳೆ ಹಾಕಿಸಿಕೊಂಡು, ನೆಲದ ಮೇಲೆ ನಿಂತೇ ಮಾಡಿ. ಸಂಜೆಗೆ ಹತ್ತು ಸಲದಂತೆ ಎರಡು ವಾರ. ಆಮೇಲೆ ಮಾತನಾಡಿಸುತ್ತಿರುವವರ ನಡುವೆ ಮಾಡಿ. ಕೊನೆಗೆ ಸುಸ್ತಾಗಿದ್ದಾಗ, ಬೆಳಕು ಕಡಿಮೆಯಿದ್ದಾಗ ಮಾಡಿ. ಕೈ ತಾನೇ ಮುಂದಿನ ಹೆಜ್ಜೆಗೆ ಹೋಗುವಂತಾದರೆ ಆಗ ಕಲಿತಂತೆ. ಬೋಧಕರೊಬ್ಬರು ಪಕ್ಕದಲ್ಲಿ ನಿಂತು ನೋಡಲೇಬೇಕು. ಬರಹ ಓದಿ ಕಲಿತು ನೇರವಾಗಿ ಬಂಡೆಗೆ ಹೋಗಬೇಡಿ, ಈ ಬರಹವನ್ನೂ ಸೇರಿಸಿ ಹೇಳುತ್ತಿದ್ದೇನೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವ ತರಬೇತಿ ನಡೆಸುತ್ತದೆ, ಕಂಠೀರವ ಕ್ರೀಡಾಂಗಣದ ಗೋಡೆಯಲ್ಲಿ ವರ್ಷಗಟ್ಟಲೆ ಹತ್ತಿದವರು ಸಿಗುತ್ತಾರೆ. ಅವರನ್ನು ಕೇಳಿ.

ಐದನೆಯ ವಾರದಿಂದ ಲೀಡ್. ಮೊದಲು ಅಣಕು ಲೀಡ್ ಮಾಡಿ. ಟಾಪ್ ರೋಪ್ ಕಟ್ಟಿಕೊಂಡೇ ಇನ್ನೊಂದು ಹಗ್ಗವನ್ನು ಸೊಂಟಕ್ಕೆ ಕಟ್ಟಿ, ಅದನ್ನು ಕ್ವಿಕ್‌ಡ್ರಾಗಳಿಗೆ ಸಿಕ್ಕಿಸುತ್ತ ಹೋಗುವುದು. ತಪ್ಪಿದರೂ ಪೆಟ್ಟಿಲ್ಲ. ಮೂರು ತಪ್ಪುಗಳನ್ನು ಬೋಧಕರು ನೋಡಿ ಹೇಳಲಿ. ಒಂದು, ಹಗ್ಗ ಬಂಡೆಯ ಕಡೆಯಿಂದ ಕ್ಯಾರಬೈನರ್ ಮೂಲಕ ನಿಮ್ಮ ಕಡೆಗೆ ಬರಬೇಕು. ಉಲ್ಟಾ ಸಿಕ್ಕಿಸಿದರೆ ಬಿದ್ದಾಗ ಹಗ್ಗ ಕ್ಯಾರಬೈನರ್‌ನ ತೆರೆಯುವ ಗೇಟಿನ ಮೇಲೆ ಮಡಚಿ ಅದನ್ನು ತೆರೆದುಬಿಡಬಹುದು. ಇನ್ನೊಂದು, ಮೇಲಿನ ಬೋಲ್ಟ್‌ಗೆ ಹಾಕುವಾಗ ಕೆಳಗಿನ ಕ್ವಿಕ್‌ಡ್ರಾದ ಕೆಳಗಿಂದ ಹಗ್ಗ ಎತ್ತಿಕೊಳ್ಳುವುದು, ಬೋಲ್ಟ್‌ಗಳು ಹತ್ತಿರವಿದ್ದಲ್ಲಿ ಆಗುತ್ತದೆ. ಹಗ್ಗ ಅಂಕುಡೊಂಕಾಗಿ ಎಳೆದುಕೊಳ್ಳಲೇ ಬಿಡುವುದಿಲ್ಲ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು: ಹಗ್ಗ ಕಾಲಿನ ಹಿಂದೆ ಬಂದಿರುವಾಗ ಬೀಳುವುದು. ಹಗ್ಗ ಕಾಲನ್ನು ಎತ್ತಿ ನಿಮ್ಮನ್ನು ತಲೆಕೆಳಗಾಗಿಸುತ್ತದೆ, ತಲೆ ಬಂಡೆಗೆ ಬಡಿಯುತ್ತದೆ. ಅದಕ್ಕೇ ಹೆಲ್ಮೆಟ್, ಅದಕ್ಕೇ ಹಗ್ಗ ಯಾವಾಗಲೂ ಕಾಲಿನ ಮುಂದೆ ಅಥವಾ ಎರಡು ಕಾಲ ನಡುವೆ. ಬೀಳುವ ಅಭ್ಯಾಸವನ್ನೂ ಮಾಡಿ, ಆದರೆ ನಾಲ್ಕನೆಯ ಬೋಲ್ಟ್ ದಾಟಿದ ಮೇಲೆ. ಮೊದಲ ಮೂರು ಬೋಲ್ಟ್‌ಗಳೊಳಗೆ ಬಿದ್ದರೆ ಹಗ್ಗ ಹಿಡಿಯುವ ಮೊದಲೇ ನೆಲ ಸಿಗಬಹುದು. ಮೊದಲ ಬೋಲ್ಟ್ ಎತ್ತರದಲ್ಲಿದ್ದರೆ ಉದ್ದನೆಯ ಕೋಲಿನಿಂದ ನೆಲದಲ್ಲೇ ನಿಂತು ಹಗ್ಗ ಸಿಕ್ಕಿಸಿಕೊಳ್ಳಿ, ಅದರಲ್ಲಿ ಯಾವ ಅವಮಾನವೂ ಇಲ್ಲ.

ತೂಕದ ವಿಚಾರ ನೀವು ಹೇಳಿದ್ದು ಒಳ್ಳೆಯದಾಯಿತು, ಬಹಳ ಜನ ಹೇಳುವುದೇ ಇಲ್ಲ. 52 ಕೆ.ಜಿ.ಯವರು 78 ಕೆ.ಜಿ.ಯವರ ಬಿಲೇ ಹಿಡಿದರೆ ಲೆಕ್ಕ ಒಂದಕ್ಕೆ ಒಂದೂವರೆ. ಅವರು ಲೀಡ್‌ನಲ್ಲಿ ಬಿದ್ದರೆ ನೀವು ನೆಲದಿಂದ ಎದ್ದು ಮೊದಲ ಬೋಲ್ಟ್‌ವರೆಗೆ ಎಳೆದುಹೋಗುತ್ತೀರಿ, ಗೋಡೆಗೆ ಬಡಿಯುತ್ತೀರಿ. ಆ ಹೊತ್ತಿನಲ್ಲಿ ಹಗ್ಗ ತಡೆಯುವ ಬ್ರೇಕ್ ಕೈ ಬಿಟ್ಟರೆ ಇಬ್ಬರಿಗೂ ಅಪಾಯ. ಮೊದಲ ಬೋಲ್ಟ್‌ಗೆ ಸಿಕ್ಕಿಸುವ, ಹಗ್ಗಕ್ಕೆ ಘರ್ಷಣೆ ಹೆಚ್ಚಿಸುವ ಸಾಧನವೊಂದಿದೆ, ಎಡೆಲ್ರಿಡ್‌ನವರ ಓಮ್. ಅದು ಸಿಕ್ಕರೆ ಬಳಸಿ. ಸಿಗದಿದ್ದರೆ ಬಾದಾಮಿಯಲ್ಲಿ ಅವರ ಲೀಡ್ ಬಿಲೇಯನ್ನು ಇನ್ನೊಬ್ಬ ಸಹೋದ್ಯೋಗಿ ಹಿಡಿಯಲಿ. ಯಾರೇ ಹಿಡಿದರೂ ಗೋಡೆಯಿಂದ ದೂರ ನಿಲ್ಲಬಾರದು, ಮೊದಲ ಬೋಲ್ಟ್‌ನ ಕೆಳಗೆ ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಬೇಕು. ಡಿವೈಸ್ ಗ್ರಿಗ್ರಿಯಂತೆ ತಾನೇ ಕಚ್ಚಿಕೊಳ್ಳುವಂಥದ್ದಾಗಿರಲಿ, ಆದರೂ ಕೈ ಹಗ್ಗದ ಮೇಲೆ ಇದ್ದೇ ಇರಬೇಕು.

ಹಗ್ಗ ಯಾರದು, ಎಂಥದು ಎಂದು ಕೇಳಿ. ನಮ್ಮಲ್ಲಿ ಚಾರಣದ ಗುಂಪುಗಳ ಬಳಿ ಇರುವುದು ಹೆಚ್ಚಾಗಿ ರಾಪೆಲಿಂಗ್‌ಗೆ ಬಳಸುವ ಸ್ಟ್ಯಾಟಿಕ್ ಹಗ್ಗ. ಅದು ಹಿಗ್ಗುವುದು ತೀರ ಕಡಿಮೆ. ಅದರ ಮೇಲೆ ಲೀಡ್ ಬಿದ್ದರೆ ಬಿದ್ದ ರಭಸವೆಲ್ಲ ನಿಮ್ಮ ಬೆನ್ನಿಗೂ ಬೋಲ್ಟ್‌ಗೂ ಹೊಡೆಯುತ್ತದೆ. ಲೀಡ್‌ಗೆ ಬೇಕಾದ್ದು ಡೈನಮಿಕ್ ಹಗ್ಗ, ತುದಿಯ ಪಟ್ಟಿಯಲ್ಲಿ ವೃತ್ತದೊಳಗೆ 1 ಎಂಬ ಗುರುತಿರುತ್ತದೆ. 9.8 ಮಿ.ಮೀ. ಆಸುಪಾಸಿನ ದಪ್ಪ, 60 ಮೀಟರ್ ಉದ್ದ ಇದ್ದರೆ ಸಾಕು. ಕೈಯಲ್ಲಿ ಅಡಿ ಅಡಿಯಾಗಿ ಹಿಡಿದು ಮಡಚಿ ನೋಡಿ, ಒಳಗೆ ಟೊಳ್ಳಾದಂತೆ ಚಪ್ಪಟೆಯಾಗಿ ಮಡಚಿಕೊಳ್ಳುವ ಜಾಗವಿದ್ದರೆ ಆ ಹಗ್ಗ ಬೇಡ. 60 ಮೀಟರ್ ಹಗ್ಗದಲ್ಲಿ 30 ಮೀಟರ್ ಎತ್ತರದಿಂದ ಮಾತ್ರ ಇಳಿಸಬಹುದು, ಗಂಟಿಗೆ ಹೋಗುವುದನ್ನು ಕಳೆದರೆ ಇನ್ನೂ ಕಡಿಮೆ. ಹಳೆಯ ಹಗ್ಗದ ತುದಿ ಕತ್ತರಿಸಿದ್ದರೆ ಮತ್ತೂ ಕಡಿಮೆ. ಇಳಿಸುತ್ತಿರುವಾಗ ಹಗ್ಗದ ತುದಿ ಡಿವೈಸ್‌ನಿಂದ ಜಾರಿಹೋಗಿ ಮೇಲಿದ್ದವರು ಬಿದ್ದ ಅವಘಡ ಜಗತ್ತಿನಲ್ಲೆಲ್ಲ ಆಗಿದೆ. ಮದ್ದು ಐದು ಸೆಕೆಂಡಿನದು, ಹಗ್ಗದ ಆಚೆ ತುದಿಗೆ ಒಂದು ಗಂಟು. ಅಥವಾ ಆ ತುದಿಯನ್ನು ಬಿಲೇ ಹಿಡಿದವರೇ ಕಟ್ಟಿಕೊಳ್ಳಲಿ.

ನಿಮಗೆ ಸ್ವಂತಕ್ಕೆ ಬೇಕಾದ್ದು ಶೂ, ಹಾರ್ನೆಸ್, ಹೆಲ್ಮೆಟ್, ಬಿಲೇ ಡಿವೈಸ್, ಮೂರು ಲಾಕಿಂಗ್ ಕ್ಯಾರಬೈನರ್, ಎರಡು ಸ್ಲಿಂಗ್, ಒಂದೂವರೆ ಮೀಟರ್‌ನ 6 ಮಿ.ಮೀ. ಕಾರ್ಡ್ (ತೆಳು ಹಗ್ಗ). ಹಗ್ಗ, ಹನ್ನೆರಡು ಕ್ವಿಕ್‌ಡ್ರಾಗಳನ್ನು ತಂಡದಲ್ಲಿ ಹಂಚಿಕೊಳ್ಳಬಹುದು.

ನಡುವೆ ಒಂದು ಭಾನುವಾರ ರಾಮನಗರದ ಕಡೆ ಹೋಗಿಬನ್ನಿ. ಅದು ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯದು. ಊರಿನ ಹಳೆಯ ಹೆಸರೇ ಆ ಶಿಲೆಗೂ ಬಂದಿದೆ. ಇಳಿಜಾರು ಬಂಡೆ, ಕೈಗೆ ಹಿಡಿಯಲು ಹೆಚ್ಚೇನೂ ಇರುವುದಿಲ್ಲ, ಕಾಲನ್ನು ನಂಬಿ ನಿಲ್ಲಬೇಕು. ಬೆರಳಿಗೆ ವಿಶ್ರಾಂತಿ ಕೊಡುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಶೂವಿನ ತುದಿ ಒತ್ತಿ, ಹಿಮ್ಮಡಿ ಇಳಿಸಿ, ಸೊಂಟವನ್ನು ಬಂಡೆಯಿಂದ ದೂರ ಇಡಿ. ಭಯವಾದಾಗ ಮೈ ಬಂಡೆಗೆ ಅಂಟಿಕೊಳ್ಳಲು ನೋಡುತ್ತದೆ, ಆಗಲೇ ಕಾಲು ಜಾರುವುದು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ, ಅಲ್ಲಿ ಹತ್ತಲು ಹೋಗಬೇಡಿ. ಸಾವನದುರ್ಗದ ‘ಬೆಳದಿಂಗಳು’ ಎಂಬ ರೂಟಿನ ಹೆಸರು ಕೇಳಿ ಆಸೆಯಾಗಬಹುದು. ಅದು ಹಲವು ಹಗ್ಗದುದ್ದದ ಏರು, ಇನ್ನೆರಡು ವರ್ಷ ಕಾಯಲಿ.

ಬಾದಾಮಿಯದು ಮರಳುಗಲ್ಲು. ಪದರ ಪದರವಾಗಿ ಕೂತಿರುವುದರಿಂದ ಅಡ್ಡ ಬಿರುಕು, ಅಡ್ಡ ಅಂಚುಗಳು ಹೇರಳ. ಬಂಡೆ ನೆಟ್ಟಗೆ ನಿಂತಿದ್ದರೂ ಕೈಗೆ ಏನಾದರೂ ಸಿಗುತ್ತಲೇ ಇರುತ್ತದೆ. ಆದರೆ ಒದ್ದೆಯಾದ ಮರಳುಗಲ್ಲಿನ ಬಲ ತಗ್ಗುತ್ತದೆ, ಕಣಗಳನ್ನು ಹಿಡಿದಿಟ್ಟ ಬೆಸುಗೆ ನೀರಿಗೆ ಸಡಿಲವಾಗುತ್ತದೆ. ಮಳೆ ಬಿದ್ದರೆ ಎರಡು ಮೂರು ದಿನ ಬಂಡೆ ಒಣಗಲಿ. ಮೇಲ್ಮೈ ಒಣಗಿದಂತೆ ಕಂಡರೆ ಸಾಲದು, ಬುಡದ ಮಣ್ಣನ್ನು ಕೆದಕಿ ನೋಡಿ. ಒದ್ದೆಯಿದ್ದಾಗ ಹತ್ತಿದರೆ ಮುರಿಯುವುದು ನಿಮ್ಮ ಕೈಯಲ್ಲಿರುವ ಹಿಡಿ, ಮುಂದೆ ಬರುವವರಿಗೆ ಆ ಹಿಡಿ ಶಾಶ್ವತವಾಗಿ ಇಲ್ಲ. ಅನುಮಾನದ ಹಿಡಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಡಬ್ಬಿಯಂತೆ ಸದ್ದು ಬಂದರೆ ಹಿಡಿಯಬೇಡಿ. ತಿರುಗುವ, ತುಕ್ಕು ಸೋರಿದ ಬೋಲ್ಟ್ ಇರುವ ರೂಟ್ ಬೇಡ. ಆ್ಯಂಕರ್‌ನಲ್ಲಿ ಎರಡು ಬೋಲ್ಟ್ ಇರಲೇಬೇಕು. ಚಾಲುಕ್ಯರ ಗುಹಾಲಯಗಳೂ ಅಗಸ್ತ್ಯತೀರ್ಥದ ಸುತ್ತಲಿನ ಗುಡಿಗಳೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಆರನೆಯ ಶತಮಾನದ ಕೆತ್ತನೆ ಇರುವ ಬಂಡೆಯ ಹತ್ತಿರ ಚಾಕ್ ಪುಡಿ ಹಚ್ಚಿದ ಕೈ ಹೋಗಬಾರದು. ಎಲ್ಲಿ ಹತ್ತಬಹುದು ಎಂದು ಊರಿನ ಕ್ಲೈಂಬರ್‌ಗಳನ್ನು ಕೇಳಿಯೇ ಹೋಗಿ. ಮಂಗಗಳಿಂದ ಚೀಲ ಕಾಯಲು ಒಬ್ಬರು ಬೇಕು. ಅವು ಮೇಲಿಂದ ಕಲ್ಲು ಉರುಳಿಸುತ್ತವೆ, ಹಾಗಾಗಿ ಬಿಲೇ ಹಿಡಿದವರಿಗೂ ಹೆಲ್ಮೆಟ್.

ಹೆಜ್ಜೇನಿನ ವಿಷಯ ವಿದೇಶಿ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಸಿಗದು. ಮುಂಚಾಚಿದ ಬಂಡೆಯ ಅಡಿಯಲ್ಲಿ ಜೇನುಗೂಡು ತೂಗುತ್ತಿದೆಯೇ, ಕಪ್ಪು ಪರದೆಯಂತೆ ಏನಾದರೂ ಮಿಸುಕುತ್ತಿದೆಯೇ ಎಂದು ಹತ್ತುವ ಮೊದಲು ತಲೆಯೆತ್ತಿ ಇಡೀ ಬಂಡೆಮುಖ ನೋಡಿ. ಹತ್ತಿರದಲ್ಲಿ ಗೂಡಿದ್ದರೆ ಆ ಬಂಡೆಯೇ ಬೇಡ. ಸೆಂಟು, ಹೊಗೆ, ಕೂಗಾಟ ಬೇಡ. ಜೇನು ಎದ್ದುಬಿಟ್ಟರೆ ಮೇಲಿದ್ದವರನ್ನು ಮರುಮಾತಿಲ್ಲದೆ ತಕ್ಷಣ ಇಳಿಸಿ, ಮುಖ ಮುಚ್ಚಿಕೊಂಡು ದೂರ ಓಡಿ. ಬಿಲೇ ಹಿಡಿದವರು ಹಗ್ಗ ಬಿಟ್ಟು ಓಡುವಂತಿಲ್ಲ. ಅವರಿಗೆ ಮುಖ ಮುಚ್ಚಲು ಒಂದು ಟವೆಲ್ ಹತ್ತಿರವೇ ಇರಲಿ. ಮುಖ ಊದಿದರೆ, ಉಸಿರು ಕಟ್ಟಿದರೆ, ಅಥವಾ ಮಗುವಿಗೆ ಹತ್ತಾರು ಕಡೆ ಕಚ್ಚಿದ್ದರೆ ನೇರ ಆಸ್ಪತ್ರೆಗೆ.

ಮಗಳ ಬೆರಳಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಹದಿಮೂರರಲ್ಲಿ ಬೆರಳ ಮೂಳೆಯ ಬೆಳವಣಿಗೆಯ ಪದರ ಇನ್ನೂ ಮೃದು. ದೊಡ್ಡವರಿಗೆ ಪುಲ್ಲಿ ಹರಿಯುವಂಥ ಒತ್ತಡಕ್ಕೆ ಮಕ್ಕಳಲ್ಲಿ ಆ ಪದರ ಬಿರಿಯುತ್ತದೆ. ನೋವು ಬೆರಳಿನ ಒಳಮೈಯಲ್ಲಿ ಬರುವುದಿಲ್ಲ, ನಡುಗೆಣ್ಣಿನ ಮೇಲ್ಭಾಗದಲ್ಲಿ, ಉಗುರಿನ ಕಡೆಯ ಮೈಯಲ್ಲಿ ಬರುತ್ತದೆ. ಹೆಚ್ಚಾಗಿ ನಡುಬೆರಳಿಗೆ, ನಿಧಾನವಾಗಿ, ಯಾವ ಪೆಟ್ಟೂ ಆಗದೆ. ಅಲ್ಲಿ ನೋವು ಎಂದರೆ ಅಂದೇ ಹತ್ತುವುದು ನಿಲ್ಲಿಸಿ ಎಕ್ಸ್‌ರೇ ತೆಗೆಸಿ. ಕಡೆಗಣಿಸಿದರೆ ಬೆರಳು ಸೊಟ್ಟ ಬೆಳೆಯಬಹುದು. ಬೆರಳ ಮೇಲೆ ಜೋತಾಡುವ ಹಲಗೆಯ ಅಭ್ಯಾಸ, ಕ್ರಿಂಪ್ ಹಿಡಿತದ ಕಸರತ್ತು ಅವಳಿಗೆ ಬೇಡ. ಮಕ್ಕಳು ನೋವನ್ನು ಮುಚ್ಚಿಡುತ್ತಾರೆ, ವಾರಕ್ಕೊಮ್ಮೆ ನೀವೇ ಒತ್ತಿ ನೋಡಿ.

ಬಾದಾಮಿಯಲ್ಲಿ ಮೊದಲ ದಿನ ಲೀಡ್ ಇಟ್ಟುಕೊಳ್ಳಬೇಡಿ. ನಿಮ್ಮ ಮೂವರಲ್ಲಿ ಯಾರೂ ಹೊರಗೆ ಲೀಡ್ ಮಾಡಿದವರಿಲ್ಲದಿದ್ದರೆ, ಮಾಡಿದವರೊಬ್ಬರು ಜೊತೆಗೆ ಬರದೆ ಹೊರಡಲೇಬೇಡಿ. ಅವರು ಹತ್ತಿ ಹಗ್ಗ ಹಾಕಲಿ, ನೀವು ನೆರಳಿರುವ ಬಂಡೆಯಲ್ಲಿ ಟಾಪ್ ರೋಪ್‌ನಲ್ಲಿ ಮೂರ್ನಾಲ್ಕು ರೂಟ್ ಹತ್ತಿ ಕಲ್ಲಿನ ಗುಣ ತಿಳಿದುಕೊಳ್ಳಿ. ಒಂದು ಆ್ಯಂಕರನ್ನು ಅವರ ಕಣ್ಣೆದುರೇ ಕ್ಲೀನ್ ಮಾಡಿ. ಎರಡನೆಯ ಬೆಳಗ್ಗೆ, ಆಗಲೇ ಟಾಪ್ ರೋಪ್‌ನಲ್ಲಿ ಎರಡು ಸಲ ಹತ್ತಿದ ಒಂದು ರೂಟನ್ನು ಲೀಡ್ ಮಾಡಿ. 5 ದರ್ಜೆಯದು ಸಾಕು, ಗೋಡೆಯ 6ಎ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೆಲ ಬಿಡುವ ಮುನ್ನ ತಪಾಸಣೆಯನ್ನು ಮಗಳಿಗೆ ವಹಿಸಿ. ಹಾರ್ನೆಸ್‌ನ ಬಕಲ್, ನಿಮ್ಮ ಗಂಟು ಮತ್ತು ಅದರಾಚೆ ಒಂದು ಗೇಣು ಉಳಿದ ಹಗ್ಗ, ಬಿಲೇ ಡಿವೈಸ್‌ನಲ್ಲಿ ಹಗ್ಗ ಕೂತ ರೀತಿ, ಕ್ಯಾರಬೈನರ್‌ನ ಲಾಕ್, ಹಗ್ಗದ ಆಚೆ ತುದಿಯ ಗಂಟು, ಈ ಐದನ್ನೂ ಅವಳು ಕೈಯಿಂದ ಮುಟ್ಟಿ, ಬಾಯಿಬಿಟ್ಟು ಹೇಳಲಿ.